ಪಾರ್ಟ್ ಬದಲಿಸುವ ಮೊದಲು ಗೆರೆ ತೋರಿಸಿ ಅನ್ನಿ

ಸಂಪಾದಕರಿಗೆ ನಮಸ್ಕಾರ.

ಕಾರು ಮಿಸ್ಸಿಂಗ್ ಹೊಡೆಯುತ್ತಿದೆ ಎಂದು ಗ್ಯಾರೇಜಿಗೆ ಬಿಟ್ಟರೆ ಮೂರು ಪಾರ್ಟ್ ಬದಲಿಸಿ ಬಿಲ್ ಕೊಟ್ಟರು, ತೊಂದರೆ ಮಾತ್ರ ಹಾಗೇ ಇದೆ ಎಂದು ಓದುಗರೊಬ್ಬರು ಇಲ್ಲಿ ಬರೆದಿದ್ದರು. ಅವರ ಸಿಟ್ಟು ನ್ಯಾಯವಾದದ್ದು. ನಾನು ವಿಜಯಪುರದ ಕಡೆಯವನು, ಪುಣೆಯ ಭೋಸರಿಯಲ್ಲಿ 18 ವರ್ಷದಿಂದ ಕಾರು ರಿಪೇರಿ ಮಾಡುತ್ತಿದ್ದೇನೆ. ಮೊದಮೊದಲು ನಾನೂ ಅಂದಾಜಿನ ಮೇಲೆಯೇ ಪಾರ್ಟ್ ಬದಲಿಸುತ್ತಿದ್ದೆ. ಆಸಿಲೋಸ್ಕೋಪ್ ಎಂಬ ಉಪಕರಣ ಕರೆಂಟಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ, ಆ ಗೆರೆ ನೋಡಿದರೆ ಅಂದಾಜು ಕಡಿಮೆಯಾಗುತ್ತದೆ, ಅದಕ್ಕೇ ಈ ಪತ್ರ.

ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಹಚ್ಚಿದರೆ, ಉದಾಹರಣೆಗೆ, ಪಿ0302 ಅಂತ ಕೋಡ್ ಬರುತ್ತದೆ. ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ ಅದರ ಅರ್ಥ. ಕಾರಣ ಕಿಡಿ ಹಾರಿಸುವ ಪ್ಲಗ್ಗೋ, ಅದಕ್ಕೆ ಕರೆಂಟ್ ಕೊಡುವ ಕಾಯಿಲೋ, ಇಂಧನ ಸಿಂಪಡಿಸುವ ಇಂಜೆಕ್ಟರೋ, ಪಿಸ್ಟನ್ ಗಾಳಿಯನ್ನು ಒತ್ತುವ ಕಂಪ್ರೆಷನ್ನೋ, ಅದನ್ನು ಕೋಡ್ ಹೇಳುವುದಿಲ್ಲ. ನಿಗಡಿಯಲ್ಲಿರುವ ನಮ್ಮೂರಿನ ಕಾಕಾ ಒಬ್ಬರ ಸಿಎನ್‌ಜಿ ಗಾಡಿಗೆ ಇದೇ ಕೋಡ್ ಬಂದಿತ್ತು. ಬೇರೆ ಕಡೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಮೂರೂ ಹೊಸದು ಹಾಕಿದ್ದರು. ಗಾಡಿ ಮಾತ್ರ ನಿಂತಲ್ಲೇ ನಡುಗುತ್ತಿತ್ತು.

ನಾನು ಮಾಡಿದ್ದು ಇಷ್ಟು. ಗ್ಯಾಸ್ ಬಂದ್ ಮಾಡಿ, ಪೆಟ್ರೋಲ್ ಇಂಜೆಕ್ಟರ್‌ಗಳ ಕನೆಕ್ಟರ್ ಬಿಚ್ಚಿದೆ, ಎಂಜಿನ್ ಸ್ಟಾರ್ಟ್ ಆಗಬಾರದು. ಬ್ಯಾಟರಿಯ ದಪ್ಪ ಕೇಬಲ್ಲಿಗೆ, ವೈರ್ ಕತ್ತರಿಸದೆ ಕರೆಂಟ್ ಅಳೆಯುವ ಚಿಮಟ, ಅಂದರೆ ಕರೆಂಟ್ ಕ್ಲಾಂಪ್ ಹಾಕಿ ಆಸಿಲೋಸ್ಕೋಪಿಗೆ ಜೋಡಿಸಿದೆ, ಸ್ಕೋಪಿನ ಎರಡನೇ ಚಾನೆಲ್ ಒಂದನೇ ಸಿಲಿಂಡರಿನ ಕಾಯಿಲ್ ವೈರಿಗೆ, ಎಣಿಕೆ ಎಲ್ಲಿಂದ ಶುರು ಎಂದು ಗೊತ್ತಾಗಲಿ ಎಂದು. ಆಮೇಲೆ ಕೆಲವು ಸೆಕೆಂಡ್ ಸೆಲ್ಫ್ ಹೊಡೆದೆ. ಬೀಸುವ ಕಲ್ಲಿಗೆ ಕಾಳು ಹಾಕಿದಾಗ ಕೈಗೆ ಭಾರ ಬರುತ್ತದೆ, ಖಾಲಿ ಇದ್ದರೆ ಸರಸರ ತಿರುಗುತ್ತದೆ ಅಲ್ವಾ, ಹಾಗೇ ಪಿಸ್ಟನ್ ಗಾಳಿಯನ್ನು ಒತ್ತುವಾಗ ಸೆಲ್ಫ್ ಮೋಟರಿಗೆ ಭಾರ ಬಿದ್ದು ಅದು ಜಾಸ್ತಿ ಕರೆಂಟ್ ಎಳೆಯುತ್ತದೆ, ಪರದೆಯ ಮೇಲೆ ಒಂದು ಗುಡ್ಡ ಮೂಡುತ್ತದೆ. ನಾಲ್ಕು ಸಿಲಿಂಡರಿಗೆ ನಾಲ್ಕು ಗುಡ್ಡ. ಕಾಕಾ ಅವರ ಗಾಡಿಯಲ್ಲಿ ಮೂರು ಸಮ ಇದ್ದವು, ನಾಲ್ಕನೆಯದು ಪ್ರತಿ ಸುತ್ತಿನಲ್ಲೂ ಕುಸಿದು ಕೂತಿತ್ತು. ಉರಿಯುವ ಸರದಿ 1-3-4-2, ಒಂದರಿಂದ ಎಣಿಸಿದರೆ ನಾಲ್ಕನೆಯದೇ ಎರಡನೇ ಸಿಲಿಂಡರ್.

"ತಮ್ಮಾ, ಬಿಚ್ಚಲಾರದ ಹೆಂಗ್ ಗೊತ್ತಾತು?" ಎಂದು ಕಾಕಾ ಬೆರಳಿಟ್ಟು ಆ ಸಣ್ಣ ಗುಡ್ಡ ಮುಟ್ಟಿ ನೋಡಿದರು. ಕಂಪ್ರೆಷನ್ ಗೇಜ್ ಹಾಕಿ ಮತ್ತೆ ಖಾತ್ರಿ ಮಾಡಿಕೊಂಡೆ. ಎಂಜಿನ್ ಮೇಲ್ಭಾಗದ ಹೆಡ್ ಇಳಿಸಿದಾಗ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಅಂಚಿನಲ್ಲಿ ಉಗುರಿನಷ್ಟು ಜಾಗ ಸುಟ್ಟು ಹೋಗಿತ್ತು, ಅಲ್ಲಿಂದಲೇ ಗಾಳಿ ಸೋರಿ ಗುಡ್ಡ ಕುಸಿದಿತ್ತು. ಸಿಎನ್‌ಜಿ ಗಾಡಿಯಲ್ಲಿ ವಾಲ್ವ್ ಕೂರುವ ಸೀಟ್ ಬೇಗ ಸವೆಯಬಹುದು, ವಾಲ್ವಿಗೆ ಬಿಡುವ ಸಣ್ಣ ಸಂದು, ಅಂದರೆ ಟ್ಯಾಪೆಟ್ ಗ್ಯಾಪ್ ನೋಡದೆ ಬಿಟ್ಟರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಸುಡುತ್ತದೆ. ಹಾಕಿದ ಮೂರು ಹೊಸ ಪಾರ್ಟ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಟ್ಯಾಂಕಿನೊಳಗಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನದ್ದೂ ಹೀಗೇ. ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಏರುವಾಗ ಬಂದ್ ಆಗಿ, ಅರ್ಧ ಗಂಟೆ ಬಿಟ್ಟರೆ ತಾನೇ ಸ್ಟಾರ್ಟ್ ಆಗುವ ಗಾಡಿಯೊಂದು ಬಂದಿತ್ತು. ಗ್ಯಾರೇಜಿಗೆ ಬಂದಾಗ ಪೆಟ್ರೋಲಿನ ಪ್ರೆಶರ್ ಸರಿಯಾಗೇ ಇತ್ತು. ಪಂಪಿನ ಫ್ಯೂಸ್ ತೆಗೆದು, ಆ ಜಾಗಕ್ಕೆ ಫ್ಯೂಸ್ ಇರುವ ವೈರಿನ ತುಂಡು ಹಾಕಿ, ಅದಕ್ಕೆ ಚಿಕ್ಕ ಕ್ಲಾಂಪ್ ಹಾಕಿದೆ. ಪಂಪಿನ ಮೋಟರಿನೊಳಗೆ ತಿರುಗುತ್ತಾ ಕರೆಂಟ್ ಪಡೆಯುವ ಕಮ್ಯುಟೇಟರಿಗೆ ಎಂಟು ಪಟ್ಟಿ, ಪರದೆಯಲ್ಲೂ ಎಂಟೆಂಟು ಅಲೆ. ಪ್ರತಿ ಸುತ್ತಿನಲ್ಲಿ ಒಂದೇ ಕಡೆ ಕರೆಂಟ್ ಧಡಕ್ಕನೆ ಕೆಳಗೆ ಬೀಳುತ್ತಿತ್ತು, ಅಂದರೆ ಆ ಪಟ್ಟಿಯ ಜಾಗದಲ್ಲಿ ಕರೆಂಟ್ ಸರಿಯಾಗಿ ಹೋಗುತ್ತಿರಲಿಲ್ಲ. ಟ್ಯಾಂಕ್ ಮುಟ್ಟುವ ಮೊದಲೇ ಪಂಪ್ ಹೋಗಿದೆ ಎಂದು ಗೊತ್ತಾಯಿತು.

ಇದು ಎಲ್ಲವನ್ನೂ ಹೇಳುತ್ತದೆ ಎಂದಲ್ಲ. ನಾಲ್ಕೂ ಸಿಲಿಂಡರ್ ಒಟ್ಟಿಗೆ ಸವೆದಿದ್ದರೆ ಗುಡ್ಡಗಳು ಸಮವಾಗೇ ಕಾಣುತ್ತವೆ, ಆಗ ಗೇಜೇ ಬೇಕು. ಕ್ಲಾಂಪ್ ಕೂಡ ಬ್ಯಾಟರಿಯ ಡಿಸಿ ಕರೆಂಟ್ ಅಳೆಯುವಂಥದ್ದೇ ಇರಬೇಕು, ಮನೆ ವೈರಿಂಗ್ ಮಾಡುವವರ ಬರೀ ಎಸಿ ಕ್ಲಾಂಪ್ ಇಲ್ಲಿ ನಡೆಯುವುದಿಲ್ಲ. ಪ್ರತಿ ಸಲ ಹಾಕುವ ಮುಂಚೆ ಸೊನ್ನೆಗೆ ತರಬೇಕು. ಎರಡು ಚಾನೆಲ್ಲಿನ ಸಾಧಾರಣ ಸ್ಕೋಪ್ ಸಾಕು.

ಗಾಡಿ ಇರುವವರಿಗೆ ನನ್ನ ಮಾತು ಒಂದೇ. ಕೋಡ್ ತೋರಿಸಿ ಪಾರ್ಟ್ ಬದಲಿಸಬೇಕು ಅಂದರೆ, ಆ ಪಾರ್ಟೇ ಕೆಟ್ಟಿದೆ ಅನ್ನುವುದಕ್ಕೆ ಗೆರೆ ತೋರಿಸಿ ಎಂದು ಕೇಳಿ. ಹಣ ನಿಮ್ಮದು, ಕೇಳಲು ಸಂಕೋಚ ಯಾಕೆ?

ಇನ್ನೊಂದು ಮಾತು ಇಲ್ಲಿನ ಕನ್ನಡ ಸಂಘಗಳಿಗೆ. ಪಿಂಪ್ರಿ, ಭೋಸರಿ, ನಾನಾ ಪೇಠದ ಗ್ಯಾರೇಜುಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಹುಡುಗರು ಇದ್ದಾರೆ. ಕೈಕೆಲಸ ಚೆನ್ನಾಗಿ ಬರುತ್ತದೆ, ಆದರೆ ಕರೆಂಟ್ ಅಂದರೇನು, ಗೆರೆ ಯಾಕೆ ಏರುತ್ತದೆ ಎಂದು ಅವರ ಭಾಷೆಯಲ್ಲಿ ಕೂತು ಹೇಳುವವರಿಲ್ಲ. ಒಂದು ಭಾನುವಾರ, ಪ್ಲಗ್ ಪಾಯಿಂಟ್ ಇರುವ ಒಂದು ಕೋಣೆ ಕೊಡಿ. ಸ್ಕೋಪ್, ಕ್ಲಾಂಪ್, ಬಿಚ್ಚಿದ ಪಂಪ್, ಕಾಕಾ ಅವರ ಸುಟ್ಟ ವಾಲ್ವ್ ಎಲ್ಲಾ ನಾನೇ ತರುತ್ತೇನೆ. ಫೀಸು ಬೇಡ.

— ಒಬ್ಬ ಮೆಕ್ಯಾನಿಕ್, ಭೋಸರಿ, ಪುಣೆ