ಮಗಳಿಗೊಂದು ಪತ್ರ: ಭಾರವೂ ಅಬ್ಬರವೂ

ಮೈಸೂರು

ಪ್ರೀತಿಯ ಪುಟ್ಟಿಗೆ,

ಹೋದ ಭಾನುವಾರ ಫೋನಿನಲ್ಲಿ ನೀನು, ಹೆವಿ ಮೆಟಲ್ ತಂಡ ಮೆಟಾಲಿಕಾದವರ ಆಲ್ಬಂಗಳಲ್ಲಿ ಎಲ್ಲಕ್ಕಿಂತ ಹೆವಿಯಾದದ್ದು 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಎಂದೂ, 1991ರ ಕಪ್ಪು ಹೊದಿಕೆಯ ಆಲ್ಬಂ ರೇಡಿಯೊದವರಿಗಾಗಿ ಮಾಡಿದ ಸಪ್ಪೆ ಸರಕೆಂದೂ ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಮೆಸ್ಸಿಗೆ ಹೊತ್ತಾಯಿತೆಂದು ಫೋನ್ ಇಟ್ಟುಬಿಟ್ಟೆ. ಮಾತಿನಲ್ಲಿ ನಿನ್ನನ್ನು ಗೆಲ್ಲುವುದು ಈ ಮನೆಯಲ್ಲಿ ಯಾರಿಂದಲೂ ಆಗಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನೀನು ಹೇಳಿದ ಎರಡೂ ತಪ್ಪು.

ನನ್ನ ಅಪ್ಪ, ಅಂದರೆ ನಿನ್ನ ತಾತ, ಕಛೇರಿಗೆ ಹೊರಡುವ ಮುನ್ನ ಚಿರೋಟಿ ರವೆಯನ್ನು ನೀರಿನಲ್ಲಿ ಕಲಸಿ, ಅಂಗೈಯಲ್ಲಿ ನಾದಿ, ಮೃದಂಗದ ಎಡಗಡೆಯ ಚರ್ಮದ ನಡುವೆ ಮೆತ್ತುತ್ತಿದ್ದರು. ಒಂದು ಚಿಟಿಕೆ ಹೆಚ್ಚಾದರೂ ನಾದ ಮಂಕಾಗುತ್ತಿತ್ತು, ಕಡಿಮೆಯಾದರೆ ಡಬ್ಬ ಬಡಿದಂತಾಗುತ್ತಿತ್ತು. ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಮತ್ತೆ ಚೂರು ಕಿತ್ತು, ಮತ್ತೆ ತಟ್ಟುತ್ತಿದ್ದರು. ಬಲಗಡೆಯ ಚುರುಕುತನವನ್ನು ಜನ ಹೊಗಳುತ್ತಾರೆ, ಆದರೆ ಎಡಗಡೆ ಸೊರಗಿದರೆ ಕಛೇರಿಯೇ ಸೊರಗುತ್ತದೆ ಎಂದು ಅವರು ಆಗಾಗ ಹೇಳುತ್ತಿದ್ದರು. ನಾನು ಹೆವಿ ಮೆಟಲ್ ಕೇಳುವುದನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ, ಆದರೆ ಅದನ್ನು ಕೇಳುವ ಕಿವಿಯನ್ನು ನನಗೆ ಕೊಟ್ಟವರು ಅವರೇ.

ಈ ಸಂಗೀತ ಹುಟ್ಟಿದ್ದೇ ಭಾರದಿಂದ ಎಂಬುದು ನಿನಗೆ ನೆನಪಿರಲಿ. ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ಒಂದು ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ, ಹದಿನೇಳರ ವಯಸ್ಸಿನಲ್ಲಿ, ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿಗಳನ್ನು ಯಂತ್ರಕ್ಕೆ ಕಳೆದುಕೊಂಡರು. ಎಡಚರಾದ ಅವರಿಗೆ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿಯೊಂದನ್ನು ಕರಗಿಸಿ ಬೆರಳುಗಳಿಗೆ ಟೋಪಿ ಮಾಡಿಕೊಂಡು, ಅದಕ್ಕೆ ತೊಗಲು ಅಂಟಿಸಿ, ತೆಳುವಾದ ತಂತಿಗಳನ್ನು ಕಟ್ಟಿ ನುಡಿಸಿದರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯ ಹೊತ್ತಿಗೆ ಕೆಲವು ಹಾಡುಗಳಲ್ಲಿ ಗಿಟಾರಿನ ಶ್ರುತಿಯನ್ನೇ ಮೂರು ಸ್ವರಸ್ಥಾನದಷ್ಟು ಕೆಳಗಿಳಿಸಿದ್ದರು. ತಂತಿ ಸಡಿಲಗೊಂಡು ಬೆರಳಿಗೆ ಸುಲಭವಾಯಿತು, ನಾದ ಮಾತ್ರ ನೆಲಕ್ಕಿಳಿಯಿತು. ಅದರ ಕೊನೆಯ ಹಾಡು ‘ಇನ್‌ಟು ದ ವಾಯ್ಡ್’ ಆರಂಭವಾಗುವ ರೀತಿಯನ್ನು ಕೇಳು. ಅವಸರವೇ ಇಲ್ಲ, ತುಂಬಿದ ಗಾಡಿ ದಿಣ್ಣೆ ಹತ್ತಿದಂತಿದೆ.

1970ರ ಫೆಬ್ರವರಿ 13ರ ಶುಕ್ರವಾರ ಬಿಡುಗಡೆಯಾದ ಅವರ ಮೊದಲ ಆಲ್ಬಂ ಇನ್ನೂ ಸರಳ. ಮಳೆ, ದೂರದ ಗಂಟೆ, ಆಮೇಲೆ ಗಿಟಾರಿನ ಮೂರೇ ಸ್ವರ: ಕೆಳಗಿನ ಷಡ್ಜ, ಮೇಲಿನ ಷಡ್ಜ, ಅವೆರಡರ ನಡುವೆ ನಿಂತು ನಡುಗುವ ಪ್ರತಿಮಧ್ಯಮ. ಸೈತಾನನ ಸ್ವರಾಂತರವೆಂದು ಪಶ್ಚಿಮದವರು ಹೆಸರಿಟ್ಟದ್ದು ಇದಕ್ಕೇ. ನಮ್ಮ ಕರ್ನಾಟಕ ಸಂಗೀತದಲ್ಲಾದರೋ ಎಪ್ಪತ್ತೆರಡು ಮೇಳರಾಗಗಳಲ್ಲಿ ಅರ್ಧಕ್ಕೆ ಪ್ರತಿಮಧ್ಯಮವಿದೆ, ಕಲ್ಯಾಣಿಯಲ್ಲಿ ಅದು ಮಂಗಳಕರವಾಗಿಯೇ ಕೇಳುತ್ತದೆ. ಹಾಗಾದರೆ ಹೆದರಿಕೆ ಸ್ವರದಲ್ಲಿಲ್ಲ. ಅದನ್ನು ನುಡಿಸಿದ ಮೇಲೆ ಅವರು ಬಿಡುವ ಎಡೆಯಲ್ಲಿದೆ. ಈ ಆಲ್ಬಮ್ಮಿನ ಧ್ವನಿಮುದ್ರಣವನ್ನು ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುಗಿಸಿದರೆಂಬುದನ್ನು ನೆನೆದಾಗಲೆಲ್ಲ ನನಗೆ ಈಗಿನವರ ಸ್ಟುಡಿಯೊ ಕಥೆಗಳ ಬಗ್ಗೆ ನಗು ಬರುತ್ತದೆ.

ಈಗ ನಿನ್ನ ‘ಜಸ್ಟಿಸ್’ಗೆ ಬರೋಣ. ಅದರ ಹಿಂದಿನ ಆಲ್ಬಂ, 1986ರ ‘ಮಾಸ್ಟರ್ ಆಫ್ ಪಪೆಟ್ಸ್’ನಲ್ಲಿ ‘ಓರಿಯನ್’ ಎಂಬ ಹಾಡಿಲ್ಲದ ವಾದ್ಯರಚನೆಯಿದೆ. ನಡುವೆ ಎಲ್ಲವೂ ನಿಂತು ಕ್ಲಿಫ್ ಬರ್ಟನ್ನರ ಬ್ಯಾಸ್, ಆ ತಗ್ಗು ದನಿಯ ಗಿಟಾರು, ಒಂದೇ ನಡೆಯತೊಡಗುವ ಆ ಘಳಿಗೆ ನನಗೆ ಇಡೀ ಮೆಟಾಲಿಕಾದಲ್ಲಿ ಅತಿ ಪ್ರಿಯವಾದದ್ದು. ಅದೇ ವರ್ಷದ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ತಂಡದ ಬಸ್ಸು ಮಗುಚಿ ಅವರು ತೀರಿಕೊಂಡರು. ಅವರ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ಡರ ಬ್ಯಾಸನ್ನು ‘ಜಸ್ಟಿಸ್’ನಲ್ಲಿ ಹುಡುಕಿದರೂ ಸಿಗದಷ್ಟು ತಗ್ಗಿಸಿಟ್ಟಿದ್ದಾರೆ. ರಚನೆಗಳು ಅದ್ಭುತವೇ, ಅದರಲ್ಲಿನ ‘ಒನ್’ ಹಾಡಿನ ವಿಷಯದಲ್ಲಿ ನಿನ್ನೊಡನೆ ನನಗೆ ಜಗಳವಿಲ್ಲ. ಆದರೆ ಕೇಳಿಸುವುದು ಡ್ರಮ್ಮಿನ ಟಿಕ್ ಟಿಕ್ ಮತ್ತು ಗಿಟಾರಿನ ಗರಗಸ ಮಾತ್ರ. ರವೆ ಮೆತ್ತದ ಮೃದಂಗ ಅದು. ಚುರುಕು, ಕೋಪ, ಕಸರತ್ತು ಎಲ್ಲವೂ ಇದ್ದು, ಭಾರ ಮಾತ್ರ ಇಲ್ಲ.

ನೀನು ಸಪ್ಪೆಯೆಂದ ಕಪ್ಪು ಆಲ್ಬಮ್ಮಿನಲ್ಲಿ ನಿರ್ಮಾಪಕ ಬಾಬ್ ರಾಕ್ ಅವರೊಂದಿಗೆ ಕೂಡಿ ತಂಡ ಮಾಡಿದ್ದು ಆ ಎಡಗಡೆಯನ್ನು ಮರಳಿ ತಂದದ್ದು. ‘ಸ್ಯಾಡ್ ಬಟ್ ಟ್ರೂ’ ಹಾಡಿಗೆ ಶ್ರುತಿಯನ್ನು ಎರಡು ಸ್ವರಸ್ಥಾನ ಇಳಿಸಿದರು, ನಡೆಯನ್ನು ನಿಧಾನ ಮಾಡಿದರು, ಪೆಟ್ಟು ಪೆಟ್ಟಿನ ನಡುವೆ ಉಸಿರಿಗೆ ಜಾಗ ಬಿಟ್ಟರು. ಅದು ಕೋಟ್ಯಂತರ ಪ್ರತಿ ಮಾರಾಟವಾಯಿತೆಂಬುದು ಅದರ ಮೇಲಿನ ದೂರಾಗಲಾರದು.

ಅಬ್ಬರವನ್ನೇ ಭಾರವೆಂದು ನಂಬಿದರೆ ಏನಾಗುತ್ತದೆಂಬುದಕ್ಕೆ ನೀನು ಹುಟ್ಟಿದ ವರ್ಷವೇ, ಅಂದರೆ 2008ರಲ್ಲಿ, ಬಂದ ಮೆಟಾಲಿಕಾದವರ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಸಾಕ್ಷಿ. ಮೆಲ್ಲನೆಯ ಸದ್ದನ್ನೂ ಜೋರಿನದನ್ನೂ ಒಂದೇ ಎತ್ತರಕ್ಕೆ ಒತ್ತಿ, ನಾದ ಒಡೆಯುವಷ್ಟು ಏರಿಸಿಬಿಟ್ಟರು. ಒಂದು ವಿಡಿಯೊ ಗೇಮಿಗಾಗಿ ಕೊಟ್ಟ ಅದೇ ಹಾಡುಗಳು ಸಿ.ಡಿ.ಗಿಂತ ಚೆನ್ನಾಗಿ ಕೇಳಿಸುತ್ತಿದ್ದವೆಂದು ಅಭಿಮಾನಿಗಳೇ ಸಿಟ್ಟಾದರು. ನಾಲ್ಕನೆಯ ಹಾಡಿನ ಹೊತ್ತಿಗೆ ನನಗೆ ತಲೆನೋವು ಬಂದಿತ್ತು. ಬಾಣಂತನದ್ದೆಂದು ನಿನ್ನ ಅಜ್ಜಿ ಕಷಾಯ ಕುಡಿಸಿದ್ದರು.

2011ರ ಅಕ್ಟೋಬರ್ 30ರಂದು ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಮೂರು ವರ್ಷದ ನಿನ್ನನ್ನು ನಿನ್ನ ಅಪ್ಪನ ಬಳಿ ಬಿಟ್ಟು ಹೋಗಿದ್ದೆ. ನನಗೆ ಸಿಕ್ಕಿದ್ದು ತೀರಾ ಹಿಂದಿನ ಜಾಗ, ವೇದಿಕೆಯ ಮೇಲಿನವರು ಬೆರಳುದ್ದ ಕಾಣುತ್ತಿದ್ದರು. ಆದರೆ ರಾಬರ್ಟ್ ಟ್ರುಹಿಯೊ ಬ್ಯಾಸಿನ ದಪ್ಪ ತಂತಿಯನ್ನು ಮೀಟಿದಾಗ ಅದು ಕಿವಿಗಿಂತ ಮೊದಲು ಪಕ್ಕೆಲುಬಿಗೆ ತಾಗಿತು, ಕೈಯಲ್ಲಿದ್ದ ನೀರಿನ ಬಾಟಲಿ ಸಣ್ಣಗೆ ನಡುಗಿತು. ನಾನು ಹೆವಿ ಎನ್ನುವುದು ಅದನ್ನು.

ಚಕ್ಕುಲಿಯ ಡಬ್ಬಿಯ ಜೊತೆ ನನ್ನ ಹಳೆಯ ಹೆಡ್‌ಫೋನನ್ನೂ ಕಳುಹಿಸುತ್ತಿದ್ದೇನೆ. ಫೋನಿನ ಸ್ಪೀಕರಿನಲ್ಲಿ ಬ್ಯಾಸ್ ಕೇಳುವುದಿಲ್ಲ. ನಿನಗೆ ‘ಜಸ್ಟಿಸ್’ನಲ್ಲಿ ಕೊರತೆ ಕಾಣದೆ ಹೋದದ್ದು ಅದರಿಂದಲೇ ಇರಬಹುದೆಂದು ನನ್ನ ಅನುಮಾನ. ಮೊದಲು ‘ಓರಿಯನ್’ ಕೇಳು, ಅದರ ಹಿಂದೆಯೇ ‘ಜಸ್ಟಿಸ್’ನ ಮೊದಲ ಹಾಡು. ಭಾನುವಾರ ಮೆಸ್ಸಿನ ಹೊತ್ತಿಗೆ ಮುಂಚೆ ಫೋನ್ ಮಾಡು.

ನಿನ್ನ,
ಅಮ್ಮ