ಭಾನುವಾರ ಆರ್‌ಟಿಐ ಅರ್ಜಿ: ಫುಟ್‌ಪಾತ್ ಬಿಲ್ ಕೇಳೋಣ

ಎಲ್ಲರಿಗೂ ನಮಸ್ಕಾರ. ನಮ್ಮ ಮುಖ್ಯರಸ್ತೆಯ ಫುಟ್‌ಪಾತ್ ಮತ್ತೆ ಅಗೆದಿದ್ದಾರೆ. ಹಳೇ ಕಲ್ಲು ಚೆನ್ನಾಗೇ ಇತ್ತು ಅಲ್ವಾ? ಭಾನುವಾರ ಬೆಳಿಗ್ಗೆ 10ಕ್ಕೆ ಪಾರ್ಕ್ ಗೇಟಿನ ಹತ್ತಿರ ಸೇರಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಬರೆಯೋಣ.

2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ (ಬೆಂಗಳೂರು ಮಹಾನಗರ ಪಾಲಿಕೆ) ಕೌನ್ಸಿಲ್ ಅವಧಿ ಮುಗಿದ ಮೇಲೆ ಬೆಂಗಳೂರಿಗೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. 2025ರಲ್ಲಿ ಪಾಲಿಕೆಯನ್ನು ಒಡೆದು ಐದು ಪಾಲಿಕೆ ಮಾಡಿದರು. ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಗೆ 17 ಸಾವಿರ ಕೋಟಿಗೂ ಜಾಸ್ತಿ ಅಂದಾಜು. ನಮ್ಮ ಚರಂಡಿಗೆ ಮಾತ್ರ ಹಣ ಇಲ್ಲವಂತೆ. ಇದನ್ನು ಸುಮ್ನೆ ನೋಡುತ್ತಾ ಕೂರಬಾರದು.

ಕೇಳುವುದು ಇಷ್ಟೇ: ವರ್ಕ್ ಆರ್ಡರ್, ಬಿಲ್, ಅಳತೆ ಪುಸ್ತಕದ (ಎಷ್ಟು ಕೆಲಸ ಆಗಿದೆ ಅಂತ ಬರೆದಿಡುವ ದಾಖಲೆ) ಪ್ರತಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಒಂದು ಅರ್ಜಿಗೆ ಒಂದೇ ವಿಷಯ, ಬೇರೆ ದೂರು ಸೇರಿಸಬೇಡಿ.

ಅಗೆಯುವ ಮುಂಚಿನ ಫೋಟೊ ಇದ್ದವರು ಶುಕ್ರವಾರದೊಳಗೆ ಇಲ್ಲೇ ಹಾಕಿ. ಬರುವವರು ದಯವಿಟ್ಟು ತಿಳಿಸಿ.