ಮಗಳಿಗೆ ವರ್ಷ ತುಂಬಿತು, ಬಾಕಿ ಉಳಿದ ಥ್ಯಾಂಕ್ಸ್ ಹೇಳಿಬಿಡುತ್ತೇನೆ

ನಿನ್ನೆ ಮಗಳಿಗೆ ಒಂದು ವರ್ಷ ತುಂಬಿತು. ಈಗ ತೂಕ 7 ಕಿಲೋ 900. ಹುಟ್ಟಿದಾಗ 1 ಕಿಲೋ 420 ಗ್ರಾಂ, ಹೆಚ್ಚುಕಮ್ಮಿ ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿಯಷ್ಟು. ಎಂಟು ತಿಂಗಳು ತುಂಬುವ ಮೊದಲೇ ಬಂದುಬಿಟ್ಟಿದ್ದಳು.

ಮೊದಲ ಥ್ಯಾಂಕ್ಸ್ ಆಸ್ಪತ್ರೆಯ ಆ ನರ್ಸಿಗೆ. ಎರಡನೇ ದಿನ ಹೊರಗೆ ಬಂದು "ಅಚ್ಚನಾಣೋ?" ಅಂತ ಮಲಯಾಳದಲ್ಲಿ ಕೇಳಿದರು, ಅಪ್ಪನಾ ಅಂತ. ಹೌದು ಅಂದೆ. ಕೈ ತೊಳೆದು, ಶರ್ಟ್ ಬಿಚ್ಚಿ, ಕುರ್ಚಿಯಲ್ಲಿ ಒರಗಿ ಕೂರಲು ಹೇಳಿದರು. ಹೆಂಡತಿಗೆ ಬಿ.ಪಿ. ಇಳಿದಿರಲಿಲ್ಲ, ಅವಳು ಬೇರೆ ವಾರ್ಡಿನಲ್ಲಿದ್ದಳು. ಮಗುವಿನ ಮೈಮೇಲೆ ಟೊಪ್ಪಿ, ಡೈಪರ್ ಬಿಟ್ಟರೆ ಬೇರೇನಿಲ್ಲ. ಕಪ್ಪೆಯ ಹಾಗೆ ಕಾಲು ಮಡಚಿ, ತಲೆ ಒಂದು ಬದಿಗೆ ತಿರುಗಿಸಿ, ನನ್ನ ಎದೆಗೆ ಒರಗಿಸಿ ಬಟ್ಟೆ ಕಟ್ಟಿದರು. ನಿಜ ಹೇಳಬೇಕಾದರೆ ನನಗೆ ಸಿಟ್ಟು ಬಂದಿತ್ತು. ಮಗುವನ್ನು ಬೆಚ್ಚಗಿಡುವ ಮಷೀನ್ (ಇನ್‌ಕ್ಯುಬೇಟರ್) ಖಾಲಿ ಇಲ್ಲ, ಅದಕ್ಕೇ ನನ್ನನ್ನು ಮಷೀನ್ ಮಾಡಿ ಕೂರಿಸಿದ್ದಾರೆ ಅಂದುಕೊಂಡೆ. ಮಂಗಳೂರಿಗೆ ಹೋಗೋಣ ಅಂತ ಭಾವನಿಗೆ ಮೊದಲೇ ಫೋನ್ ಕೂಡ ಮಾಡಿದ್ದೆ. ಅರ್ಧ ಗಂಟೆ ಕಳೆದಿರಬಹುದು. ತಣ್ಣಗಿದ್ದ ಪುಟ್ಟ ಪಾದ ನನ್ನ ಹೊಟ್ಟೆಯ ಮೇಲೆ ಬೆಚ್ಚಗಾದದ್ದು ಗೊತ್ತಾಯಿತು. ಮೂಗು ತುರಿಸುತ್ತಿತ್ತು. ಕೈ ಎತ್ತಲಿಲ್ಲ.

ಇದಕ್ಕೆ ಕಾಂಗರೂ ಆರೈಕೆ ಅಂತಾರೆ. ಆಮೇಲೆ ಓದಿದೆ, ನನ್ನ ಅನುಮಾನ ಪೂರ್ತಿ ಸುಳ್ಳೇನಲ್ಲ! 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ ಇದು ಶುರುವಾದದ್ದೇ ಇನ್‌ಕ್ಯುಬೇಟರ್ ಸಾಲದೆ. ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ 1 ಕಿಲೋದಿಂದ 1 ಕಿಲೋ 800 ಗ್ರಾಂ ಒಳಗಿನ ಮಕ್ಕಳ ಮೇಲೆ ಅಧ್ಯಯನ ನಡೆಯಿತು. ನನ್ನ ಮಗಳದ್ದೂ ಅದೇ ಲೆಕ್ಕದ ತೂಕ. ಒಂದು ಗುಂಪಿನ ಮಕ್ಕಳನ್ನು ಹುಟ್ಟಿದ ಕೂಡಲೇ ಎದೆಗೆ ಕಟ್ಟಿದರು. ಇನ್ನೊಂದು ಗುಂಪಿನಲ್ಲಿ ಸುಧಾರಿಸುವವರೆಗೆ ಕಾದರು. 28 ದಿನದೊಳಗೆ ತೀರಿಹೋದವರು ಕಾದ ಗುಂಪಿನಲ್ಲಿ ನೂರಕ್ಕೆ ಸುಮಾರು 16, ಕೂಡಲೇ ಎದೆಗೆ ಕಟ್ಟಿದ ಗುಂಪಿನಲ್ಲಿ 12. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಮೊದಲೇ ನಿಲ್ಲಿಸಿದರು. ವರದಿ ಬಂದದ್ದು 2021ರಲ್ಲಿ. ಕಾದ ಗುಂಪಿನ ಅಮ್ಮಂದಿರು ಈಗಲೂ ನನ್ನ ತಲೆಯಲ್ಲಿ ಇದ್ದಾರೆ. ಅವರ ಮನೆಯ ಲೆಕ್ಕದಿಂದ ನಮ್ಮ ಮನೆಗೆ ಉಪಕಾರ ಆಯಿತು. ಅವರಿಗೆ ಕನ್ನಡ ಬರುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಇನ್ನು ನಮ್ಮ ಊರಿನ ವಾರ್ಡಿನ ಆಶಾ ಕಾರ್ಯಕರ್ತೆ ಅಕ್ಕ. ಮನೆಗೆ ಕಳಿಸುವಾಗ ಕೊಟ್ಟ ಚೀಟಿ ಪೂರ್ತಿ ಮಲಯಾಳದಲ್ಲಿತ್ತು. ನಮಗೆ ಮಾತು ಬರುತ್ತದೆ, ಓದು ಬರುವುದಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ ಇದು ಹೊಸತೇನಲ್ಲ ಬಿಡಿ. ಅಕ್ಕ ನಮ್ಮ ಜಗಲಿಯಲ್ಲಿ ಕೂತು, ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಎಲ್ಲ ಕನ್ನಡದಲ್ಲಿ ಬರೆದುಕೊಟ್ಟರು. ಎರಡು ಗಂಟೆಗೊಮ್ಮೆ ಹಾಲು. ಸ್ನಾನ ಬೇಡ. ಉಸಿರಾಡುವಾಗ ಪಕ್ಕೆ ಒಳಗೆ ಹೋದರೆ ಕಾಯಬೇಡಿ, ಹೊರಡಿ. ಮಳೆಯಲ್ಲೂ ತೂಕದ ಚೀಲ ಹಿಡಿದುಕೊಂಡು ಬರುತ್ತಿದ್ದರು. ಮಗಳ ತೂಕ ಎರಡು ಕಿಲೋ ದಾಟಿದ ದಿನ ನನಗಿಂತ ಜೋರಾಗಿ ಕೂಗಿದ್ದು ಅವರೇ. ಆ ಹಾಳೆ ಇನ್ನೂ ಗೋಡೆಯಲ್ಲಿದೆ.

ಆರು ತಿಂಗಳ ನಂತರ ಅಂಗನವಾಡಿಯ ಅಮೃತಂ ಪುಡಿ. ಗೋಧಿ, ಕಡಲೆ, ನೆಲಗಡಲೆ, ಸೋಯಾ, ಸಕ್ಕರೆ. ಕೇರಳದ ಸ್ವಸಹಾಯ ಸಂಘ ಕುಡುಂಬಶ್ರೀಯ ಹೆಂಗಸರು ಮಾಡುವುದು. ಅದರ ಹದ ಕಂಡುಹಿಡಿದದ್ದು ನಮ್ಮದೇ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐ ಅಂತ ಟೀಚರ್ ಹೇಳಿದಾಗ ನಗು ಬಂತು. ನನಗೆ ಅದು ತೆಂಗಿನ ಗಿಡ ತರುವ ಜಾಗ ಮಾತ್ರ ಆಗಿತ್ತು. ಮಗಳಿಗೆ ಬೆಲ್ಲ ಹಾಕಿ ಕಾಯಿಸಿದರೆ ಇಷ್ಟ. ಉಳಿದದ್ದು ನನಗೆ.

ಬರುವ ಬುಧವಾರ ಮನೆಗೆ ಪಾಯಸಕ್ಕೆ ಬನ್ನಿ ಅಂದರೆ ಅಕ್ಕ "ಅವತ್ತು ಚುಚ್ಚುಮದ್ದಿನ ದಿನ ಮಾರಾಯ್ರೇ, ಪುರುಸೊತ್ತಿಲ್ಲ" ಅಂದರು. ಹಾಗಾಗಿ ಪಾತ್ರೆ ಸಮೇತ ನಾನೇ ಅಲ್ಲಿಗೆ ಹೋಗುವವನಿದ್ದೇನೆ.